ಸಾಲು ಚುಕ್ಕೆಗಳ ಸಮುದ್ರ

ಬೀದಿಯವರೆಲ್ಲ ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದರು. ಅಂಗಡಿಗಳ ಗೋಡೆಗೆ, ಬೋರ್ಡಿಗೆ ಬಣ್ಣ ಬಳಿಯುವುದು ಅವಳ ಕಸುಬು. ಕಡಲು ದಾಟಿ ಈ ಊರಿಗೆ ಬಂದು ಎಂಟು ವರ್ಷವಾದರೂ, ಒಂದು ಚಿತ್ರ ಬರೆದುಕೊಡಿ ಎಂದು ಕೇಳಿದವರು ಹಲ್ಲಿನ ಡಾಕ್ಟರೊಬ್ಬರೇ. ಕ್ಲಿನಿಕ್ಕಿನಲ್ಲಿ ಕಾಯುವವರ ಎದುರಿಗೆ ಒಂದು ಸಮುದ್ರ ಬೇಕಂತೆ. "ನೀವು ಕಣ್ಣಾರೆ ಕಂಡದ್ದನ್ನೇ ಬರೀರಿ," ಎಂದಿದ್ದರು.

ಆ ಮಾತೇ ಅವಳ ನಿದ್ದೆ ಕೆಡಿಸಿತ್ತು. ಕ್ಯಾಲೆಂಡರಿನ ಸಮುದ್ರವನ್ನಾದರೆ ಕಣ್ಣು ಮುಚ್ಚಿ ಬರೆದಾಳು. ತಾನು ದಾಟಿದ ಸಮುದ್ರ ಮಾತ್ರ ಸುಳ್ಳಾಗಬಾರದು. ಎರಡು ಸಲ ಬರೆದು ಕೆರೆದು ಹಾಕಿದಳು. ಮೂರನೆಯ ಸಲ ಮುಗಿಸಿ ಅಡುಗೆಮನೆಯ ಕಿಟಕಿಗೆ ಒರಗಿಸಿದಳು. ಕಡುನೀಲಿ ಅಲೆಗಳು ಮೇಲಿನಿಂದ ಇಳಿದು ಬಂದಿದ್ದವು. ಕೆಳಗಿನ ಅಂಚಿನಲ್ಲಿ ಬೆಳಕಿನ ಬಿಳಿ ಚುಕ್ಕೆಗಳು. ನೆನಪಿನಲ್ಲಿದ್ದಂತೆಯೇ ಬಂದಿದೆ ಎನಿಸಿ ಮನಸ್ಸು ಹಗುರಾಯಿತು.

ಒಣಗಿದ ಬಟ್ಟೆ ಮಡಚುತ್ತಿದ್ದ ಅತ್ತೆ ಕತ್ತು ಚಾಚಿ ನೋಡಿದರು.

"ಇದೇನೇ ಇದು?"

"ಸಮುದ್ರ, ಅತ್ತೆ. ನಾವು ದಾಟಿ ಬಂದದ್ದು."

"ಸಮುದ್ರಕ್ಕೆ ಹೊಲಿಗೆ ಯಾರು ಹಾಕಿದ್ರು?"

"ಅದು ಅಲೆ!"

"ಮತ್ತೆ ಈ ಚುಕ್ಕೆ?"

"ನೀರಿನ ಮೇಲೆ ಬಿದ್ದ ಬಿಸಿಲು."

"ಬಿಸಿಲು ಹೀಗೆ ಗೇಣಿಗೊಂದರಂತೆ ಸಾಲಾಗಿ ಬೀಳುತ್ತಾ?" ಅತ್ತೆ ನಕ್ಕೇಬಿಟ್ಟರು. "ಅಯ್ಯೋ ಹುಚ್ಚಿ, ಇದು ಟಾರ್ಪಾಲು ಕಣೇ! ಇವು ಹಗ್ಗ ಪೋಣಿಸೋ ತೂತು. ಆಗ ನೀನು ತುಂಬಿದ ಬಸುರಿ. ನೀರು ನೋಡಿದ್ರೆ ಸಾಕು, ಕರುಳೇ ಕಿತ್ತು ಬರೋ ಹಾಗೆ ವಾಂತಿ. ಅದಕ್ಕೇ ದಡ ಸಿಗೋವರೆಗೂ ನಿನ್ನ ತಲೆ ನನ್ನ ತೊಡೆ ಮೇಲಿಟ್ಟು ದೋಣಿಯ ಟಾರ್ಪಾಲು ಮುಚ್ಚಿಬಿಟ್ಟಿದ್ದೆ. ನೀನೆಲ್ಲಿ ನೋಡ್ದೆ ಸಮುದ್ರಾನ?"

ಬಣ್ಣದಕ್ಕ ಚಿತ್ರದ ಕಡೆ ತಿರುಗಿದಳು. ಆ ಸಮುದ್ರದ ಕಥೆಯನ್ನು ಮಗಳಿಗೆ ಎಷ್ಟು ಸಲ ಹೇಳಿ ಮಲಗಿಸಿದ್ದಳೋ! ಕೆರೆಯುವ ಚಾಕು ಕೈಗೆತ್ತಿಕೊಂಡಳು.

"ನನ್ನ ಕೈಲಾಗಲ್ಲ ಅಂತ ಡಾಕ್ಟರಿಗೆ ಹೇಳಿಬಿಡ್ತೀನಿ."

ಅತ್ತೆ ಅಂಗಿಯೊಂದನ್ನು ಮಡಚಿಟ್ಟರು. ಕೆರೆಯಲು ಹೋದವಳು ತಿರುಗಿ ಕೇಳಿದಳು. "ನೀವು ನೋಡಿದ್ರಲ್ಲ. ಹೇಗಿತ್ತು?"

"ರಾತ್ರಿಯೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಬೆಳಗಾದ ಮೇಲೆ ನೋಡ್ತೀನಿ, ಈಗಷ್ಟೇ ನೆಲ ಒರೆಸಿಬಿಟ್ಟ ಹಾಗೆ ತಣ್ಣಗೆ ಬಿದ್ಕೊಂಡಿದೆ! ನಿನಗೂ ತೋರಿಸೋಣ ಅಂತ ಅಂಚು ಎತ್ತಿದೆ. ಅಂತೂ ಇಂತೂ ನಿದ್ದೆ ಹತ್ತಿತ್ತು ನಿನಗೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ."

ಅವಳು ಚಾಕು ಕೆಳಗಿಟ್ಟು, ಬಟ್ಟೆಯ ರಾಶಿಯಿಂದ ದುಪ್ಪಟಿಯೊಂದನ್ನು ಎಳೆದು ಅತ್ತೆಯ ಕೈಗೆ ಕೊಟ್ಟಳು.

"ಹೇಗೆ ಎತ್ತಿದ್ರಿ, ತೋರಿಸಿ."

"ನನಗೇನು ಬೇರೆ ಕೆಲಸ ಇಲ್ವಾ?" ಎನ್ನುತ್ತಲೇ ಅತ್ತೆ ದುಪ್ಪಟಿಯ ಅಂಚು ಎತ್ತಿ ಹಿಡಿದರು. "ಬೇಗ ಬರಿ. ಆಗಿನ ಭುಜ ಅಲ್ಲ ಇದು."

ಚಿತ್ರದಲ್ಲಿ ಚುಕ್ಕೆಗಳ ಸಾಲು ಒಂದು ಮೂಲೆಯಲ್ಲಿ ಮೇಲೆದ್ದಿತು. ಅದನ್ನು ಹಿಡಿದ ಗಂಟುಗಂಟು ಬೆರಳುಗಳು ಮೂಡಿದವು. ಕೆಳಗಿನ ಸಂದಿಯಲ್ಲಿ, ಆಗಷ್ಟೇ ಒರೆಸಿದಂಥ ಬೂದುಬಿಳಿ ನೀರು.

ಡಾಕ್ಟರು ಚಿತ್ರವನ್ನು ತುಂಬ ಹೊತ್ತು ನೋಡಿದರು.

"ಸಮುದ್ರ ಇಷ್ಟೇ ಇಷ್ಟಾ ಕಾಣೋದು?"

"ನಾನು ಇಷ್ಟೂ ಕಂಡಿಲ್ಲ ಡಾಕ್ಟ್ರೇ. ಇದು ನಮ್ಮತ್ತೆ ಕಂಡದ್ದು. ನಾನು ಕಂಡದ್ದು ಮೇಲಿರೋ ಟಾರ್ಪಾಲು, ಅಷ್ಟೇ."

ಬೇಡವೆಂದರೆ ವಾಪಸು ಒಯ್ಯಲು ಅವಳು ಹೊದಿಕೆಯ ಬಟ್ಟೆಯನ್ನು ಕೈಯಲ್ಲೇ ಹಿಡಿದಿದ್ದಳು. ಡಾಕ್ಟರು ಕಾಯುವವರ ಕುರ್ಚಿಯೊಂದರಲ್ಲಿ ಹೋಗಿ ಕುಳಿತರು.

"ಗೋಡೆಗೆ ಹಿಡೀರಿ ನೋಡೋಣ," ಎಂದರು. "ಇನ್ನೂ ಒಂಚೂರು ಕೆಳಗೆ. ಕೂತವರಿಗೆ ಆ ಕೈ ಕಾಣಬೇಕು."