ಬೆರಳುಂಗುರಕ್ಕೆ ಒಗ್ಗದ ಕೋಲು

ಅನಸೂಯಾ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಹಿಟ್ಟಿನ ಕೈಯಲ್ಲೇ ನನ್ನನ್ನು ಎತ್ತಿಕೊಂಡಳು. ಅಡುಗೆ ಕಟ್ಟೆಯ ಮೇಲೆ ಬಾಗಿ, ಎಡಗೈಯ ತೋರುಬೆರಳು ಹೆಬ್ಬೆರಳು ಸೇರಿಸಿ ಉಂಗುರ ಮಾಡಿ, ಅದರೊಳಗೆ ನನ್ನನ್ನು ಹಿಂದೆ ಮುಂದೆ ಆಡಿಸಿದಳು. ಹಿಂದಕ್ಕೆ ಸಲೀಸು. ಮುಂದಕ್ಕೆ ಹೋಗುವಾಗ ಬಿಗಿ. ಮತ್ತೆ ಆಡಿಸಿದಳು. ಮತ್ತೆ ಬಿಗಿ. ಅಷ್ಟರಲ್ಲಿ ರೊಟ್ಟಿ ಸೀದಿತ್ತು.

ನಾನು ಪೂಲ್ ಆಟದ ಕೋಲು, ಮೇಜಿನ ಮೇಲಿನ ಚೆಂಡುಗಳನ್ನು ಹೊಡೆದು ಅಂಚಿನ ಕುಳಿಗಳಿಗೆ ಬೀಳಿಸುವವನು. ನನ್ನನ್ನು ಮಾಡಿದವನು ಹುಬ್ಬಳ್ಳಿಯ ಬಡಗಿ ಮೌಲಾಸಾಬ. ಮರ ಮುಟ್ಟುವ ಮೊದಲು ಅವನು ಆಡುವವರ ಕೈ ನೋಡುತ್ತಿದ್ದ. ಅನಸೂಯಾಳ ಮಾವ ಚನ್ನಬಸಪ್ಪನವರು ಅಗಲವಾದ ಅಂಗೈ ಚಾಚಿದಾಗ ನಕ್ಕಿದ್ದ.

"ಇದು ಕೈಯೋ ಮೊರವೋ, ಸಾವ್ಕಾರ್ರ? ತುದಿ ಸಣ್ಣ ಇಡ್ತೀನಿ, ಹಿಂದಕ್ಕ ಹೋದಂಗ ಲಗೂನ ದಪ್ಪ ಆಗಂಗ ಮಾಡ್ತೀನಿ. ಹೊಡ್ತ ಗಟ್ಟಿ ಬರ್ತದ."

ಹಾಗೆಯೇ ಆಯಿತು. ಚನ್ನಬಸಪ್ಪನವರು ನನ್ನನ್ನು ಬೆರಳುಗಳಿಂದ ಸುತ್ತುತ್ತಿರಲಿಲ್ಲ, ತೆರೆದ ಕೈಯ ಮೇಲೆ ಒರಗಿಸುತ್ತಿದ್ದರು. ನನ್ನ ದಪ್ಪ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಕಣ್ಣು ಮಂಜಾದ ವರ್ಷ ಅವರು ನನ್ನನ್ನು ಸೊಸೆಯ ಕೈಗಿಟ್ಟು, "ಇನ್ನ ನೀ ಆಡವ್ವಾ" ಎಂದರು. ಮಗನ ಕಡೆ ನೋಡಲಿಲ್ಲ.

ಅನಸೂಯಾಳ ಕೈ ಚಿಕ್ಕದು. ತೆರೆದ ಕೈಯ ಮೇಲೆ ನಾನು ಹೊರಳುತ್ತಿದ್ದೆ. ಅದಕ್ಕೇ ಅವಳಿಗೆ ಉಂಗುರ ಬೇಕಾಯಿತು. ಹೊಡೆಯಲು ಮುಂದೆ ಸರಿದಂತೆಲ್ಲ ನನ್ನ ದಪ್ಪ ಭಾಗ ಉಂಗುರದೊಳಕ್ಕೆ ನುಗ್ಗಿ ಬೆರಳುಗಳನ್ನು ಬಿಡಿಸುತ್ತಿತ್ತು. ತುದಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಹೋದ ವರ್ಷದ ಪಂದ್ಯದ ಕೊನೆಯ ಚೆಂಡು ಕುಳಿಯ ತುಟಿಗೆ ಬಡಿದು ಹಿಂದಿರುಗಿದ್ದು ಹಾಗೆ.

"ಹೆಂಗಸ್ರ ಕೈ, ನಡಗ್ತದ ಬಿಡು," ಎಂದ ಗಂಡ ವೀರೇಶ. "ಈ ಸಲ ಪಂದ್ಯಕ್ಕ ಹೆಸ್ರು ಕೊಡಬ್ಯಾಡ. ಮಂದಿ ನಗ್ತಾರ."

ಅವಳು ಅದನ್ನು ನಂಬಿದಳು. ಬಸ್ಸಿನಲ್ಲಿ, ಕಚೇರಿಯಲ್ಲಿ, ತನ್ನ ಕೈಯನ್ನೇ ಚಾಚಿ ನೋಡಿಕೊಳ್ಳುತ್ತಿದ್ದಳಂತೆ. ಕ್ಲಬ್ಬಿನಲ್ಲಿ, ನಾನು ಸಲೀಸಾಗಿ ಜಾರಲೆಂದು ಕೈಗೆ ಪೌಡರ್ ಸುರಿದುಕೊಳ್ಳುತ್ತಿದ್ದಳು. ನನಗೆ ಮಾತು ಬರುವುದಿಲ್ಲ. ಬಂದಿದ್ದರೆ, ತಪ್ಪು ನನ್ನದು ಎಂದು ಕೂಗುತ್ತಿದ್ದೆ.

ರೊಟ್ಟಿ ಸೀದ ದಿನ ಸಂಜೆ, ಕ್ಲಬ್ಬಿನ ಮೇಜುಗಳನ್ನು ನೋಡಿಕೊಳ್ಳುವ ದಾದಾಪೀರ ಅವಳ ಬಿಳಿ ಕೈ ಕಂಡು ನಕ್ಕ.

"ಏನ್ ಅಕ್ಕಾರ, ಆಡಾಕ ಬಂದೀರೋ, ರೊಟ್ಟಿ ಬಡಿಯಾಕ ಬಂದೀರೋ? ಒಂದ್ಸಲ ಈ ಕೋಲಿಂದ ಹೊಡೀರಿ."

ಅವನು ಕೊಟ್ಟದ್ದು ಗೋಡೆಯ ಮೇಲಿನ ಹಳೆಯ ಕೋಲು. ತುದಿಯಿಂದ ಮೊಳದುದ್ದ ಒಂದೇ ದಪ್ಪ. ಅವಳು ಹೊಡೆದಳು. ಚೆಂಡು ಬಿತ್ತು. ಐದು ಸಲ ಹೊಡೆದಳು, ಐದೂ ಬಿದ್ದವು. ಅವಳು ಕೈಯನ್ನು ತಿರುಗಿಸಿ ನೋಡಿಕೊಂಡಳು. ನಡುಕ ಇರಲಿಲ್ಲ.

"ಹಂಗಾದ್ರ ಇಷ್ಟ್ ವರ್ಷ..." ಎಂದು ನಿಲ್ಲಿಸಿದಳು.

"ನಿಮ್ಮ ಕೋಲನ್ನೂ ಹಿಂಗ ಹೆರೀಬಹುದ್ರಿ. ಆದ್ರ ಹೆಚ್ಚು ಹೆರದ್ರ ಹೊಡದಾಗ ಬಳಕ್ತದ. ತಗದ ಮರ ತಿರುಗಿ ಕೂಡಂಗಿಲ್ಲ. ದೊಡ್ಡ ಸಾವ್ಕಾರ್ರ ಕೋಲು, ಮನ್ಯಾಗ ಕೇಳಿ ಬರ್ರಿ. ಹೆಸ್ರು ಕೊಡಾಕ ನಾಳೀನ ಕಡೀ ದಿನ."

ಮನೆಗೆ ಬಂದಾಗ ವೀರೇಶ ಊಟಕ್ಕೆ ಕೂತಿದ್ದ. ಅವಳು ಬಡಿಸಿದಳು. ಅವನು ಮೂಲೆಯಲ್ಲಿದ್ದ ನನ್ನ ಕಡೆ ಕೈ ತೋರಿಸಿ, "ಅಪ್ಪನ ಕೋಲು, ಅವ್ರ ನೆನಪಿಗೆ ಗೋಡೀಗೆ ಹಾಕೂಣು. ಹೆಂಗೈತಿ ಹಂಗ ಇರ್ಲಿ," ಎಂದ.

"ಪಲ್ಯ ಹಾಕ್ಲೇನು?" ಎಂದಳು ಅನಸೂಯಾ.

ಅವನು ಕೈ ತೊಳೆಯಲು ಎದ್ದು ಹೋದಾಗ ಅವಳು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳುಂಗುರವನ್ನು ತುದಿಯಿಂದ ಮೆಲ್ಲಗೆ ಜಾರಿಸಿದಳು. ಬಿಗಿಯಾದ ಕಡೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆದಳು. ಅದರಾಚೆ, ತುದಿಯಿಂದ ಒಂದು ಮೊಳಕ್ಕೆ, ಇನ್ನೊಂದು ಗೆರೆ. ಆ ಎರಡು ಗೆರೆಗಳ ನಡುವೆ ಇದ್ದದ್ದು ಮೌಲಾಸಾಬನ ಕೆಲಸ, ಚನ್ನಬಸಪ್ಪನವರ ಗಟ್ಟಿ ಹೊಡೆತ. ನಾಳೆ ಹೆರೆದಾಗ ಅದು ಪುಡಿಯಾಗಿ ಉದುರುತ್ತದೆ. ಎಷ್ಟು ಉಳಿಯುತ್ತೇನೆ, ಬಳುಕುತ್ತೇನೆಯೇ, ನನಗೂ ಗೊತ್ತಿಲ್ಲ.

ಅವಳು ನನ್ನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಬಾಗಿಲ ಬಳಿ, ತನ್ನ ಕಚೇರಿ ಚೀಲದ ಪಕ್ಕ ನಿಲ್ಲಿಸಿದಳು.