ಕೊಕ್ಕರೆಯ ಗುರಾಣಿಗೆ ಬಿದ್ದ ಏಟು

ನಮ್ಮ ಇಗರ್ಜಿಯ ಗೋಡೆಯಲ್ಲಿ ಟ್ರಾನೆಹೆಲ್ಮ್ ಮನೆತನದ ಹನ್ನೊಂದು ಗುರಾಣಿಗಳಿವೆ. ಆ ಮನೆಯ ಯಜಮಾನ ಸತ್ತಾಗಲೆಲ್ಲ ಮರದಲ್ಲಿ ಕೆತ್ತಿಸಿ, ಬಣ್ಣ ಹಚ್ಚಿಸಿ, ಶವಪೆಟ್ಟಿಗೆಯ ಮುಂದೆ ಹೊತ್ತು ತಂದು ತೂಗುಹಾಕಿದವು. ಪ್ರತಿಯೊಂದರಲ್ಲೂ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಆ ಕೊಕ್ಕರೆಗಳ ಒಂದೊಂದು ಪುಕ್ಕವೂ ನನಗೆ ಬಾಯಿಪಾಠ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಮೂರು ಭಾನುವಾರ ಅವುಗಳ ಕೆಳಗೆ ಪಾಪದ ಮಣೆಯ ಮೇಲೆ ಕೂತಿದ್ದೆ. ತಲೆ ತಗ್ಗಿಸು ಎಂದು ಪಾದ್ರಿ ಹೇಳಿದಷ್ಟೂ ತಲೆ ಎತ್ತಿ ಅವನ್ನೇ ನೋಡಿದೆ.

ಮದುವೆಯಿಲ್ಲದೆ ಬಸಿರಾದವಳಿಗೆ ಆಗ ಅದೇ ಶಿಕ್ಷೆ. ನಾನು ಟ್ರಾನೆಹೆಲ್ಮ್ ಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದೆ. ಆ ಮನೆಯ ಒಬ್ಬನೇ ಮಗ ಲೆನ್ನಾರ್ಟ್ ಮದುವೆಯಾಗುತ್ತೇನೆಂದು ಮಾತು ಕೊಟ್ಟು, ಹೊಟ್ಟೆ ಮುಂದೆ ಬಂದ ಮೇಲೆ ನನ್ನ ಹೆಸರನ್ನೇ ಮರೆತ. ನಾನು ನ್ಯಾಯಸ್ಥಾನಕ್ಕೆ ಹೋದೆ. ಅಲ್ಲಿ ಗಂಡಸಿಗೊಂದು ಸುಲಭದ ಬಾಗಿಲಿತ್ತು: ಬೈಬಲಿನ ಮೇಲೆ ಕೈಯಿಟ್ಟು 'ಮಗು ನನ್ನದಲ್ಲ' ಎಂದು ಆಣೆ ಮಾಡಿದರೆ ಮುಗಿಯಿತು. ಅವನು ಕೈಯಿಟ್ಟ. ಮುಂದಿನ ಭಾನುವಾರ ನಾನು ಮಣೆಯ ಮೇಲೆ, ಅವನು ಮನೆತನದ ಬೆಂಚಿನ ಮೇಲೆ ಉಗುರು ನೋಡಿಕೊಳ್ಳುತ್ತಾ.

ಆಮೇಲೆ ಅವನು ದೊಡ್ಡ ಮನೆಯ ಹೆಣ್ಣನ್ನು ತಂದ, ಎರಡು ಗಂಡು ಹುಟ್ಟಿದವು. ಒಂದನ್ನು ಸಿಡುಬು ಒಯ್ದಿತು. ಇನ್ನೊಂದು ಕಡಲಾಚೆ ಪೊಮೆರೇನಿಯಾದ ಯುದ್ಧಕ್ಕೆ ಹೋಗಿ, ಗುಂಡು ತಗಲುವ ಮೊದಲೇ ಭೇದಿಯಿಂದ ಸತ್ತಿತು. ಯಾರಿಗೂ ಕೆಡುಕು ಬಯಸಬಾರದು ಅನ್ನುತ್ತಾರೆ. ನಾನು ಬಯಸಲಿಲ್ಲ. ಆದರೆ ಆ ಸುದ್ದಿ ಬಂದ ಗುರುವಾರ ಬಟಾಣಿ ಸಾರನ್ನು ಎರಡು ಬಟ್ಟಲು ಉಂಡೆ.

ನನ್ನ ಮಗ ಹೋಕನ್ ಮಾತ್ರ ಕಲ್ಲುಗುಂಡಿನ ಹಾಗೆ ಬೆಳೆದ. ಬಡಗಿ ಕೆಲಸ ಕಲಿತ. ಅಪ್ಪನ ವಿಷಯ ಕೇಳಿದರೆ, ನನ್ನ ಪಾಲಿಗೆ ಸತ್ತ ಎಂದಷ್ಟೇ ಹೇಳುತ್ತಿದ್ದೆ. ಆ ಆಣೆಯ ಮೇಲೆ ದೊಡ್ಡ ಮನೆಯ ಹೆಸರೆತ್ತಲು ಊರಿನವರಿಗೂ ಧೈರ್ಯವಿರಲಿಲ್ಲ.

ಈ ಶರತ್ಕಾಲದಲ್ಲಿ ಲೆನ್ನಾರ್ಟ್ ಹಾಸಿಗೆ ಹಿಡಿದ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ವೈದ್ಯರು ವಾರವೊಂದನ್ನೂ ಕೊಡಲಿಲ್ಲ. ಒಂದು ಬೆಳಿಗ್ಗೆ ಅವನ ಗಾಡಿ ನನ್ನ ಗುಡಿಸಲಿನ ಮುಂದೆ ಬಂದು ನಿಂತಿತು. ಹೋದೆ. ಹಾಸಿಗೆಯ ಪಕ್ಕ ಪಾದ್ರಿ ಪುಸ್ತಕ ಬಿಚ್ಚಿಕೊಂಡು ಸಿದ್ಧರಾಗಿದ್ದರು.

"ಕೂತ್ಕೋ ಮಾರಿತ್," ಅಂದ ಲೆನ್ನಾರ್ಟ್.

"ಮಣೆ ಇದ್ರೆ ಕೊಡಿ ಒಡೆಯರೇ. ಅಭ್ಯಾಸ ಇದೆ."

ಪಾದ್ರಿ ಕೆಮ್ಮಿದರು. ವಿಷಯವನ್ನು ಅವರೇ ಬಿಡಿಸಿ ಹೇಳಿದರು. ತಂದೆತಾಯಿ ತಡವಾಗಿ ಮದುವೆಯಾದರೂ ಮೊದಲೇ ಹುಟ್ಟಿದ ಮಗ ಸಕ್ರಮವಾಗುತ್ತಾನೆ. ಈಗಲೇ ಎರಡು ಮಾತು ಓದಿಬಿಟ್ಟರೆ ಹೋಕನ್‌ಗೆ ಹೆಸರು, ಕಾಡು, ಕೆರೆ, ಮನೆ ಎಲ್ಲ. ಇಲ್ಲದಿದ್ದರೆ ಲೆನ್ನಾರ್ಟನೇ ಕಡೆಯವನು. ಮನೆತನದ ಕೊನೆಯ ಗಂಡಸು ಸತ್ತಾಗ ಅವನ ಗುರಾಣಿಯನ್ನು ಗೋಡೆಗೆ ಏರಿಸುವುದಿಲ್ಲ; ಪೆಟ್ಟಿಗೆಯ ಮುಂದೆ ಎಲ್ಲರೆದುರು ಒಡೆದು ಚೂರು ಮಾಡಿ, ಚೂರುಗಳನ್ನು ಅವನ ಜೊತೆಯೇ ಹೂಳುತ್ತಾರೆ. ಅವನಿಗೆ ಸಾವಿನ ಭಯವಿರಲಿಲ್ಲ. ಆ ಸುತ್ತಿಗೆಯ ಭಯವಿತ್ತು.

ನಾನು ಮೆಲ್ಲಗೆ ಹೇಳಿದೆ, "ಮಗು ನಿಮ್ದಲ್ಲ ಅಂತ ದೇವರ ಪುಸ್ತಕದ ಮೇಲೆ ಆಣೆ ಮಾಡಿದ್ರಲ್ಲ. ಇಷ್ಟು ದೊಡ್ಡ ಮನೆಯೋರು ಸುಳ್ಳಾಣೆ ಮಾಡ್ತಾರಾ?"

"ಮಾಡ್ದೆ," ಅಂದ. "ಸುಳ್ಳಾಣೆ ಮಾಡ್ದೆ. ಪಾದ್ರಿಗಳ ಮುಂದೇನೇ ಹೇಳ್ತಿದೀನಲ್ಲ."

ಇಷ್ಟು ವರ್ಷ ನಾನು ಕಾದಿದ್ದದ್ದು ಈ ಮಾತಿಗೇ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹಸಿದ ಹೊಟ್ಟೆಗೆ ಒಂದು ತುತ್ತು ಬಿದ್ದರೆ ಹಸಿವು ಇನ್ನೂ ಕೆರಳುತ್ತದೆ.

"ಹಾಗಾದ್ರೆ ಮೂರು ಭಾನುವಾರ ಮಣೆ ಮೇಲೆ ಕೂತು ಬನ್ನಿ," ಅಂದೆ. "ಆಮೇಲೆ ಮದುವೆ ಮಾತು."

ಅವನಿಗೆ ಒಂದು ಭಾನುವಾರವೂ ಉಳಿದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಪಾದ್ರಿ ಪುಸ್ತಕ ಮುಚ್ಚಿದರು. ನಾನು ಗಾಡಿಗೆ ಕಾಯದೆ ನಡೆದೇ ಮನೆಗೆ ಬಂದೆ. ಶನಿವಾರ ಸಾವಿನ ಗಂಟೆ ಮೊಳಗಿತು.

ಹನ್ನೆರಡನೆಯ ಗುರಾಣಿ ಮಾಡುವ ಕೆಲಸ ಹೋಕನ್‌ಗೇ ಬಂತು. ಒಡೆಯುವುದಕ್ಕೆ ತಾನೇ, ಹಗುರ ಮರ ಸಾಕು ಎಂದು ಮೇಸ್ತ್ರಿ ಹೇಳಿದರಂತೆ. ನನ್ನ ಮಗ ಕೇಳಲಿಲ್ಲ. ಓಕ್ ಮರದಲ್ಲೇ ಕೆತ್ತಿದ.

ಶವಸಂಸ್ಕಾರದ ದಿನ ನಾನು ಎಲ್ಲರಿಗಿಂತ ಮುಂದೆ ನಿಂತೆ. ಯಾರೂ ಹಿಂದೆ ಸರಿ ಅನ್ನಲಿಲ್ಲ. ಒಡೆಯಬೇಕಾದವರು ನೆರೆಯ ಎಸ್ಟೇಟಿನ ಮುದಿ ಕರ್ನಲ್. ಅವರು ಸುತ್ತಿಗೆ ಎತ್ತಿ ಒಂದೇಟು ಹಾಕಿದರು. ಓಕ್ ಜಪ್ಪಯ್ಯ ಅನ್ನಲಿಲ್ಲ. ಕೈ ಹಿಡಿದುಕೊಂಡು ಸುತ್ತ ನೋಡಿ, ಮಾಡಿದವನೇ ಒಡೆಯಲಿ ಎಂದು ಸುತ್ತಿಗೆಯನ್ನು ಹೋಕನ್‌ಗೆ ಕೊಟ್ಟರು. ಮೊದಲ ಏಟಿಗೆ ಕೊಕ್ಕರೆಯ ಕಾಲು ಮುರಿಯಿತು. ಎರಡನೆಯದಕ್ಕೆ ಗುರಾಣಿ ಮಧ್ಯಕ್ಕೆ ಸೀಳಿತು. 'ಟ್ರಾನೆಹೆಲ್ಮ್ ಇತ್ತು, ಇನ್ನಿಲ್ಲ' ಎಂದು ಪಾದ್ರಿ ಸಾರಿದರು. ಒಳಗೊಳಗೇ ನನಗೆ ಹಬ್ಬ. ತನ್ನ ಗುರಾಣಿಯನ್ನು ಟ್ರಾನೆಹೆಲ್ಮ್‌ನ ರಕ್ತವೇ ಒಡೆಯಿತು. ಅದು ಒಡೆದವನಿಗೇ ಗೊತ್ತಿಲ್ಲ ಎಂದು ಹಿಗ್ಗಿದೆ.

ಮನೆಗೆ ಬಂದು ರೈ ರೊಟ್ಟಿ ಮುರಿಯುತ್ತಿದ್ದಾಗ ಹೋಕನ್ ಬಾಯಿಬಿಟ್ಟ.

"ಪೆಟ್ಟಿಗೆ ಅಳತೆಗೆ ಅಂತ ಒಡೆಯರು ಕರೆಸಿದ್ರು, ಸಾಯೋಕೆ ಎರಡು ದಿನ ಮುಂಚೆ. ಎಲ್ಲ ಹೇಳಿದ್ರು. ಮದುವೆಗೆ ನಿನ್ನ ಒಪ್ಪಿಸು ಅಂತ ಕೈ ಹಿಡ್ಕೊಂಡ್ರು. ಅಮ್ಮನ ಮಾತೇ ನನ್ನ ಮಾತು ಅಂದು ಕೈ ಬಿಡಿಸ್ಕೊಂಡೆ."

ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಹಾಗಾದರೆ ಬೇಕೆಂದೇ ಒಡೆದೆಯಾ ಎಂದು ಕೇಳಿದೆ.

"ಮೊದಲನೇ ಏಟು ನೀನು ಕೂತ ಮಣೆಗೆ. ಎರಡನೇದು ನನ್ನದೇ." ರೊಟ್ಟಿಯನ್ನು ಹುಳಿಹಾಲಲ್ಲಿ ಅದ್ದಿ ತಿಂದ. "ನೀನು ಕೇಳಿದ್ರೂ ನಾನು ಬೇಡ ಅಂತಲೇ ಅಂತಿದ್ದೆ ಅಮ್ಮ. ಆದ್ರೂ ಒಂದು ಮಾತು ಕೇಳ್ಬೇಕಿತ್ತು."

ಅವನು ಕೊಟ್ಟಿಗೆಗೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಪುಸ್ತಕದ ಮೇಲೆ ಕೈಯಿಡುವ ಮುಂಚೆ ಲೆನ್ನಾರ್ಟ್ ಕೂಡ ನನ್ನನ್ನು ಕೇಳಿರಲಿಲ್ಲ.