ಒಂಬತ್ತನೇ ಪೆಟ್ಟು

ರಾಮದಾಸನಿಗೆ ಸಂಗೀತ ಗೊತ್ತಿಲ್ಲ ಅಂತ ನಾನು ಹೇಳೋದಿಲ್ಲ. ಗೊತ್ತು, ಅದೇ ತೊಂದರೆ. ಬ್ಯಾಂಕಿನಲ್ಲಿ ಗುಮಾಸ್ತ, ಮನೇಲಿ ಇನ್ನೂರು ಇಂಗ್ಲಿಷ್ ರೆಕಾರ್ಡು, ಜೊತೆಗೆ ಮದರಾಸಿನ ಬ್ಯಾಂಡುಗಳ ಬಗ್ಗೆ ಒಂದು ಪುಟ್ಟ ಪತ್ರಿಕೆ. ಎಂಬತ್ತೈದರ ಜೂನಿನಲ್ಲಿ ಅವನ ಕಣ್ಣು ನಮ್ಮ ಮೇಲೆ ಬಿತ್ತು. ನಾವು ಅಂದರೆ ‘ಎಸ್ಚುಅರಿ’. ಅಡ್ಯಾರ್ ನದಿ ಸಮುದ್ರ ಸೇರೋ ಜಾಗದ ಹೆಸರಿಟ್ಟುಕೊಂಡು, ಎಪ್ಪತ್ತೆರಡರಿಂದ ಎಪ್ಪತ್ತಾರರವರೆಗೆ ಇಪ್ಪತ್ತು ಇಪ್ಪತ್ತು ನಿಮಿಷದ ಪ್ರೋಗ್ರೆಸಿವ್ ರಾಕ್ ಬಾರಿಸಿದ ನಾಲ್ಕು ಜನ. ನಾನು, ರೈಲ್ವೆಯ ಕೃಷ್ಣಪ್ರಸಾದ, ಕೀಬೋರ್ಡು. ಇನ್ಶೂರೆನ್ಸಿನ ಬದರಿನಾಥ ಡ್ರಮ್ಸು. ಮಿಕ್ಕ ಇಬ್ಬರು ಊರು ಬಿಟ್ಟು ಹೋದರು.

“ನಿಮ್ಮಿಂದ ಉಳಿದದ್ದಾದರೂ ಏನಪ್ಪಾ?” ಅಂದ ರಾಮದಾಸ ಫೋನಲ್ಲಿ. “ಎಲ್ಲಾ ಕಾಪಿ. ಲಂಡನ್ನಿನವರು ಬಿಚ್ಚಿಹಾಕಿದ ಅಂಗಿ ನೀವು ತೊಟ್ಕೊಂಡ್ರಿ. ಹಾಗೇ ಬರೀತೀನಿ.”

ಮೈಯೆಲ್ಲ ಉರಿದುಹೋಯ್ತು. “ಬಾಯಿಗೆ ಬಂದ ಹಾಗೆ ಮಾತಾಡಬೇಡ ಕಣೋ. ಭಾನುವಾರ ಬದರಿ ಮನೆಗೆ ಬಾ. ಅವನ ಮುಖ ನೋಡಿ ಹೇಳು, ಧೈರ್ಯ ಇದ್ರೆ!”

ನನಗೆ ಸುಮ್ಮನೆ ಸಿಟ್ಟು ಬಂದದ್ದಲ್ಲ. ಬದರಿ ಎರಡು ವರ್ಷದಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕತ್ತಿನ ಮೂಳೆಯೊಳಗೆ ಗಂಟು ಬೆಳೆದು ನರ ಹಿಸುಕಿ, ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಕಾಲು. ಆಪರೇಷನ್ ಮಾಡಿದರು, ಆದರೆ ಹೊತ್ತು ಮೀರಿತ್ತು. ಈಗ ಉಸಿರಿಗೇ ಕಷ್ಟ. ಅವನ ಹೆಂಡತಿ ಜಯಲಕ್ಷ್ಮೀ ಬಾಗಿಲ ಹತ್ತಿರ ನಿಂತು ನನಗೆ ಹೇಳಿದ್ದರು: “ದೀಪಾವಳಿ ನೋಡೋದು ಡೌಟು ಅಂದಿದ್ದಾರೆ ಡಾಕ್ಟ್ರು. ಇವರ ಬಗ್ಗೆ ನಾಲ್ಕು ಒಳ್ಳೆ ಸಾಲು ಅಚ್ಚಾಗಿಬಿಡ್ಲಿ. ಅದೊಂದಕ್ಕೇ ಕಾದಿದ್ದಾರೆ.” ಆ ನಾಲ್ಕು ಸಾಲು ರಾಮದಾಸನ ಕೈಯಲ್ಲಿತ್ತು, ಹಾಳಾದವನು.

ಭಾನುವಾರ ಬೆಳಿಗ್ಗೆ ಅಡ್ಯಾರಿನ ಆ ಮನೆಯ ಹಾಲಿನಲ್ಲಿ ಮೂವರೂ ಕೂತೆವು. ನಾನು ಎಪ್ಪತ್ತಾರರ ಕಾಲೇಜು ಹಬ್ಬದಲ್ಲಿ ಬಾರಿಸಿದ್ದ ಪೀಸಿನ ಕ್ಯಾಸೆಟ್ ಒಯ್ದಿದ್ದೆ. ರಾಮದಾಸ ನೋಟ್‌ಬುಕ್ ತೆಗೆದು ಶುರುಮಾಡಿಯೇಬಿಟ್ಟ. ಆರ್ಗನ್ ಅಲ್ಲಿಂದ ಕದ್ದದ್ದು, ಗಿಟಾರ್ ಇಲ್ಲಿಂದ ಕದ್ದದ್ದು, ಕೊನೆಯ ಗದ್ದಲ ಎಲ್ಲರೂ ಮಾಡೋದೇ. ಬದರಿ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಅವನ ಮುಖ ನೋಡಿ ನನಗೆ ಸಂಕಟವಾಯಿತು.

“ಸರಿ, ಎಲ್ಲಾ ಕದ್ವಿ,” ಅಂದೆ. “ಒಂಬತ್ತನೇ ಪೆಟ್ಟು ಯಾರದ್ದು, ಹೇಳು ನೋಡೋಣ!”

ರಾಮದಾಸ ಪೆನ್ನು ನಿಲ್ಲಿಸಿದ. ಆ ಪೀಸಿನ ತಾಳ ಒಂಬತ್ತು. ಒಂಬತ್ತನೇ ಪೆಟ್ಟು ಮಾತ್ರ ಬರಬೇಕಾದ ಜಾಗದಲ್ಲಿ ಬರೋದಿಲ್ಲ, ಒಂದು ಗುಟುಕು ನುಂಗುವಷ್ಟು ತಡವಾಗಿ ಬರುತ್ತೆ. ಕೇಳುವವನು ಮುಗ್ಗರಿಸಿ ಬೀಳಬೇಕು, ಅಷ್ಟರಲ್ಲಿ ಹಿಡಕೊಳ್ಳುತ್ತೆ. ಹುಡುಗರು ಹುಚ್ಚೆದ್ದು ಕುಣಿದದ್ದು ಅದಕ್ಕೇ.

“ಅದು ಮಾತ್ರ ಎಲ್ಲೂ ಸಿಗ್ಲಿಲ್ಲಪ್ಪಾ,” ಅಂತ ಒಪ್ಪಿಕೊಂಡ. “ಹುಡುಕಿದೆ.”

ನನಗೆ ರೆಕ್ಕೆ ಬಂತು. “ಎಲ್ಲಿ ಸಿಗುತ್ತೆ? ಅದು ಬದರಿದು. ಎಪ್ಪತ್ನಾಲ್ಕು ಆಗಸ್ಟ್, ಬೆಸೆಂಟ್ ನಗರದ ಶೆಡ್ಡಿನಲ್ಲಿ ಪ್ರಾಕ್ಟೀಸು. ಇವನ ಎಡಗೈ ಒಂಬತ್ತಕ್ಕೆ ತಡವಾಗಿ ಬಂತು. ಮುಂದಿನ ಸುತ್ತಿನಲ್ಲೂ ಹಾಗೇ.”

“ಪ್ರಸಾದಾ, ಸಾಕು ಬಿಡೋ,” ಅಂದ ಬದರಿ.

ನಾಚಿಕೊಂಡ ಅಂದುಕೊಂಡೆ, ದಡ್ಡ ನಾನು. “ನೀನು ಸುಮ್ನಿರು ಮಾರಾಯ. ಇವನು ‘ಸಾರಿ ಕಣ್ರೋ, ಕೈ ಯಾಕೋ ಜೋಮು ಹಿಡೀತಿದೆ, ಮಾತು ಕೇಳ್ತಿಲ್ಲ’ ಅಂದ. ನಾನು ಬೈದೆ! ದಮ್ಮಯ್ಯ ಅಂತೀನಿ, ಅದನ್ನ ಸರಿಮಾಡಬೇಡ ಅಂದೆ. ಆ ಕೈಗೆ ಕಾಯೋ ಹಾಗೆ ಇಡೀ ಟ್ಯೂನು ಬದಲಾಯಿಸಿದೆ. ಎರಡು ವರ್ಷದಲ್ಲಿ ತಡ ಇನ್ನೂ ಉದ್ದವಾಯ್ತು. ನಾವೂ ಅಷ್ಟಷ್ಟೇ ಉದ್ದ ಕಾದ್ವಿ. ಯಾವ ಲಂಡನ್ನಿನವನು ಹಾಗೆ ಕಾದಿದ್ದಾನೆ, ಹೇಳು?”

ರಾಮದಾಸ ತಲೆ ಬಗ್ಗಿಸಿ ಬರೆದದ್ದೇ ಬರೆದದ್ದು. ಗೆದ್ದೆ ಅಂತ ಬದರಿಯ ಕಡೆ ತಿರುಗಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಜಯಲಕ್ಷ್ಮೀ ಕಾಫಿ ತಟ್ಟೆ ಹಿಡಿದು ನಿಂತಿದ್ದರು.

“ಎಪ್ಪತ್ನಾಲ್ಕಾ?” ಅಂದರು.

ಬಾಯಿಂದ ಹೊರಗೆ ಬಿದ್ದದ್ದು ಏನು ಅಂತ ಆಗ ನನಗೇ ಕೇಳಿಸಿತು. ಹನ್ನೊಂದು ವರ್ಷ ಅದನ್ನ ರೈಲ್ವೆ ಆಫೀಸಿನಲ್ಲೆಲ್ಲ ಜಂಬದಿಂದ ಹೇಳಿಕೊಂಡು ತಿರುಗಿದ್ದೆ, ಒಂದು ಸಲವೂ ಕೇಳಿಸಿರಲಿಲ್ಲ.

ಅವರು ತಟ್ಟೆ ಕೆಳಗಿಟ್ಟರು. “ಇವರ ಕೈಯಿಂದ ಲೋಟ ಬಿದ್ದಿದ್ದು ಎಪ್ಪತ್ತೊಂಬತ್ತರಲ್ಲಿ. ಗಮನ ಇಲ್ಲ ನಿಮಗೆ ಅಂತ ಬೈದೆ. ಒಂದು ವರ್ಷ ಬೈದೆ. ಆಮೇಲೆ ಡಾಕ್ಟ್ರ ಹತ್ರ ಹೋದ್ರೆ, ಶುರುವಿನಲ್ಲೇ ಯಾಕಮ್ಮಾ ಕರ್ಕೊಂಡು ಬರ್ಲಿಲ್ಲ, ಗಂಟು ತೆಗೆದುಬಿಡಬಹುದಿತ್ತಲ್ಲ ಅಂದ್ರು. ಆ ಒಂದು ವರ್ಷಕ್ಕೆ ನಾನು ದಿನಾ ಸಾಯ್ತಿದ್ದೀನಿ ಪ್ರಸಾದ್.”

“ಅವನ ಮೇಲೆ ಕೋಪ ಮಾಡ್ಕೋಬೇಡ ಜಯಾ,” ಅಂದ ಬದರಿ. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದ. “ನನಗೂ ಬೇಕಾಗಿತ್ತು ಆ ತಡ. ಡಾಕ್ಟ್ರಿಗೆ ತೋರಿಸಿದ್ರೆ... ಕೈ ಸರಿಮಾಡಿಬಿಡ್ತಾರೆ ಅಂತ ಹೆದರಿದ್ದೆ.”

ರಾಮದಾಸ ನೋಟ್‌ಬುಕ್ ಮುಚ್ಚಲು ಹೋದ. “ಬರ್ಕೊಳ್ಳಿ, ಪರವಾಗಿಲ್ಲ,” ಅಂದರು ಜಯಲಕ್ಷ್ಮೀ. “ಪ್ರಸಾದ್, ಕ್ಯಾಸೆಟ್ ಹಾಕಿ.”

ಹಾಕಿದೆ. ಆಕೆ ಚಿಕ್ಕಂದಿನಿಂದ ಪಾಠ ಕಲಿತ ಹಾಡುಗಾರ್ತಿ. ನೆಲದ ಮೇಲೆ ಗಂಡನ ಕಾಲ ಹತ್ತಿರ ಕೂತು, ತೊಡೆಯ ಮೇಲೆ ತಾಳ ಹಾಕತೊಡಗಿದರು. ಎಂಟರವರೆಗೆ ಸರಿಯಾಗಿ ಬಂತು. ಒಂಬತ್ತಕ್ಕೆ ಆಕೆಯ ಕೈ ಒಂದೇ ಬಿತ್ತು, ಬದರಿಯ ಪೆಟ್ಟು ಆಮೇಲೆ ಬಂತು. ಮತ್ತೆ ಹಾಗೇ. ಮತ್ತೆ ಹಾಗೇ. ಅಯ್ಯೋ ದೇವರೇ, ಎಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು!

“ಚೆನ್ನಾಗಿದೆ ಅಲ್ವಾ?” ಅಂದ ಬದರಿ, ಹೆಂಡತಿಯನ್ನೇ ನೋಡುತ್ತಾ.

“ಚೆನ್ನಾಗಿದೆ ರೀ,” ಅಂದರು. ತಾಳ ನಿಲ್ಲಿಸಲಿಲ್ಲ.

ನನಗೆ ತಡೆಯೋಕಾಗಲಿಲ್ಲ. ಎದ್ದು ಟೇಪ್‌ರೆಕಾರ್ಡರಿಗೆ ಕೈ ಚಾಚಿದೆ.

“ಮುಟ್ಟಬೇಡಿ,” ಅಂದರು ಜಯಲಕ್ಷ್ಮೀ, ತಲೆಯೆತ್ತದೆ. “ಇನ್ನೂ ಹದಿನೈದು ನಿಮಿಷ ಇದೆ. ಇವರ ಕೈ ನಿಮಗೆ ಎಷ್ಟು ಸಲ ಹೇಳಿತ್ತು ಅಂತ ಎಣಿಸ್ತಿದ್ದೀನಿ.”